ಅವ್ವನ ಮಣೂಕದ ರಸ

ಅವ್ವ ಹೋಗಿ ಕಳೆದ ಭಾನುವಾರಕ್ಕೆ ಒಂದು ವರ್ಷ ಆಯ್ತು. ಅವತ್ತೇ ಬರೀಬೇಕು ಅಂತ ಕೂತಿದ್ದೆ, ಆಗಲಿಲ್ಲ. ಇವತ್ತು ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಇದೆ.

ಅವ್ವನ ತವರು ಗುಳೇದಗುಡ್ಡ, ನೇಕಾರರ ಊರು. 1834ರಲ್ಲಿ ಮಂಗಳೂರಿಗೆ ಬಂದ ಕ್ರೈಸ್ತ ಮಿಷನರಿಗಳು, ಬಾಸೆಲ್ ಮಿಷನ್‌ನವರು, 1851ರಲ್ಲಿ ಗುಳೇದಗುಡ್ಡಕ್ಕೂ ಬಂದರು. ಅವ್ವನ ಮನೆಯಲ್ಲಿ ಕುಣಿಮಗ್ಗವೂ ಇತ್ತು, ಬೈಬಲ್ಲೂ ಇತ್ತು. ಮದುವೆಯಾಗಿ ವಿಜಾಪುರಕ್ಕೆ ಬಂದಾಗ ಅವಳಿಗೆ 19 ವರ್ಷ. ಕೊನೆಯವರೆಗೂ ಇಳಕಲ್ ಸೀರೆ, ತವರಿನ ಖಣದ ಕುಬಸ. ಊರಿನ ಹೆಸರು ವಿಜಯಪುರ ಅಂತ ಬದಲಾಗಿ ಹತ್ತು ವರ್ಷ ಆದ್ರೂ ಅವಳ ಬಾಯಲ್ಲಿ ವಿಜಾಪುರವೇ.

1972ರ ಬರದ ಕಥೆಯನ್ನು ಅವ್ವ ಎಷ್ಟು ಸಲ ಹೇಳಿದ್ದಾಳೋ ಲೆಕ್ಕವಿಲ್ಲ. ಆಗ ನಮ್ಮಕ್ಕ ಹೊಟ್ಟೆಯಲ್ಲಿದ್ದಳಂತೆ. ಹೊರದೇಶದಿಂದ ಬಂದ ಕೆಂಪು ಮಿಲೋ ಜೋಳವೇ ಗತಿ. ಅದರ ಹಿಟ್ಟಿಗೆ ಜಿಗುಟಿಲ್ಲ, ತಟ್ಟಿದರೆ ರೊಟ್ಟಿ ಹರಿಯುತ್ತಿತ್ತಂತೆ. ಆ ವರ್ಷದಿಂದ ಅವ್ವ ಒಂದು ರೂಢಿ ಇಟ್ಟುಕೊಂಡಳು. ಗಿರಣಿಗೆ ಜೋಳ ಕಳಿಸುವ ಮುಂಚೆ ಒಂದು ಹಿಡಿ ತೆಗೆದು ಬೇರೆ ಡಬ್ಬಿಗೆ ಹಾಕೋದು. ಡಬ್ಬಿ ತುಂಬಿದರೆ ನಮ್ಮ ಚರ್ಚಿನ ಸಭೆಯಲ್ಲಿ ಯಾರ ಮನೆಗೆ ಬೇಕೋ ಅವರ ಮನೆಗೆ. ಕೊಟ್ಟದ್ದು ಯಾರಿಗೆ ಅಂತ ನಮಗೂ ಹೇಳುತ್ತಿರಲಿಲ್ಲ.

ಆದರೆ ಅವ್ವ ಅಂದ ಕೂಡಲೇ ನನಗೆ ನೆನಪಾಗೋದು ಮಣೂಕ, ಅಂದ್ರೆ ಒಣದ್ರಾಕ್ಷಿ. ದ್ರಾಕ್ಷಿಯ ಜಿಲ್ಲೆ ನಮ್ಮದು. ಟಿಕೋಟಾ, ಬಬಲೇಶ್ವರ ಕಡೆ ಬೇಸಿಗೆ ಬಂತಂದ್ರೆ ಶೆಡ್‌ಗಳ ತುಂಬ ದ್ರಾಕ್ಷಿ ಒಣಗ್ತಿರುತ್ತೆ. ನಮ್ಮ ಸಭೆಯಲ್ಲಿ ತಿಂಗಳ ಮೊದಲ ಭಾನುವಾರ ಕರ್ತನ ಭೋಜನ, ಯೇಸುವಿನ ಕೊನೆಯ ಊಟದ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚೋದು. ಅದಕ್ಕೆ ಬೇಕಾದ ರಸವನ್ನು ನಲವತ್ತು ವರ್ಷ ಅವ್ವನೇ ಮಾಡಿದಳು. ಶನಿವಾರ ಮಧ್ಯಾಹ್ನ ಕಪ್ಪು ಮಣೂಕ ತಂದು ಕಡ್ಡಿ ಆರಿಸಿ, ಉಗುರುಬೆಚ್ಚನೆ ನೀರಲ್ಲಿ ನಾಲ್ಕು ಸಲ ತೊಳೆಯೋದು. ರಾತ್ರಿ ನೆನೆಹಾಕೋದು. ನಸುಕಿನಲ್ಲಿ ಎದ್ದು ಅದೇ ನೀರಲ್ಲಿ ಸಣ್ಣ ಉರಿಯಲ್ಲಿ ಕುದಿಸಿ, ಆರಿಸಿ, ಕೈಯಿಂದ ಕಿವುಚಿ, ತೆಳ್ಳನೆ ಬಿಳಿ ಬಟ್ಟೆಯಲ್ಲಿ ಸೋಸೋದು. ಆ ಬಟ್ಟೆಯನ್ನು ಬೇರೆ ಯಾವುದಕ್ಕೂ ಮುಟ್ಟಲು ಬಿಡುತ್ತಿರಲಿಲ್ಲ. ಹುಡುಗನಾಗಿದ್ದಾಗ ನಾನು ಬಟ್ಟೆಯ ಒಂದು ತುದಿ ಹಿಡಿದು ನಿಲ್ಲುತ್ತಿದ್ದೆ. "ಜಗ್ಗಿ ಹಿಂಡಬ್ಯಾಡೋ ತಮ್ಮಾ, ಸಿಪ್ಪಿ ಒಗರ ಬಿಡ್ತೈತಿ. ತಾನ ಇಳೀತೈತಿ, ತಡಿ" ಅಂತಿದ್ದಳು. ಕೆಳಗಿನ ಪಾತ್ರೆಗೆ ಒಂದೊಂದೇ ಹನಿ ಬೀಳುವ ಸದ್ದು ಈಗಲೂ ಕಿವಿಯಲ್ಲಿದೆ.

ನನಗೆ ಅವಳ ಮೇಲೆ ಸಿಟ್ಟೂ ಇತ್ತು. ಏಳನೇ ಕ್ಲಾಸಿನಲ್ಲಿದ್ದಾಗ ಜ್ವರ ಬಂದು ಮಲಗಿದ್ದೆ. ಸಭೆಯ ಒಬ್ಬ ಅಜ್ಜಿ ತೀರಿಹೋದರು ಅಂತ ಸುದ್ದಿ ಬಂತು. ಅವ್ವ ಗಂಜಿ ಮುಚ್ಚಿಟ್ಟು, ಪಕ್ಕದ ಮನೆ ಕಾಕುಗೆ ನನ್ನನ್ನು ನೋಡಿಕೊಳ್ಳಲು ಹೇಳಿ ಹೋಗಿಬಿಟ್ಟಳು. ಆ ಅಜ್ಜಿಗೆ ಮೈ ತೊಳೆದು ಸೀರೆ ಉಡಿಸಲು ಹೆಣ್ಣುಮಕ್ಕಳು ಯಾರೂ ಇರಲಿಲ್ಲ. ಅದು ನನಗೆ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ. ಅವತ್ತು ರಾತ್ರಿ ಅವ್ವ ಬೆಳಗಿನವರೆಗೂ ನನ್ನ ಹಣೆಗೆ ಒದ್ದೆ ಬಟ್ಟೆ ಹಾಕುತ್ತಾ ಕೂತಿದ್ದಳು. ನಾನು ಮುಖ ತಿರುಗಿಸಿ ಮಲಗಿದ್ದೆ. ಅದಕ್ಕೆ ಅವಳ ಹತ್ತಿರ ಕ್ಷಮೆ ಕೇಳೋದು ಆಗಲೇ ಇಲ್ಲ.

ಈಗ ಹೇಳಬೇಕಾದ ಮಾತು. ಅವ್ವ ಹೋದ ಮೇಲೆ ಸಭೆಯ ಹಳೆಯ ವಾರ್ಷಿಕ ವರದಿಗಳನ್ನು ತಿರುವಿ ನೋಡಿದೆ. ಕಮಿಟಿಯವರ ಹೆಸರು, ಸುಣ್ಣ ಬಣ್ಣಕ್ಕೆ ಹಣ ಕೊಟ್ಟವರ ಹೆಸರು, ಫ್ಯಾನ್ ಕೊಡಿಸಿದವರ ಹೆಸರು, ಎಲ್ಲ ಇದೆ. ಕೊನೆಯಲ್ಲಿ ಪ್ರತಿ ವರ್ಷವೂ ಒಂದೇ ಸಾಲು: "ಸಭೆಯ ಮಹಿಳೆಯರು ಸಹಕರಿಸಿದರು." ಅಷ್ಟೇ. ಬರೆದವರಿಗೆ ಕೆಟ್ಟ ಮನಸ್ಸಿತ್ತು ಅಂತ ನಾನು ಹೇಳುತ್ತಿಲ್ಲ. ಆದರೆ ಆ ಸಾಲು ಓದಿ ನನ್ನ ಹೊಟ್ಟೆ ಉರಿಯಿತು. ಶವಸಂಸ್ಕಾರದ ದಿನ ಎಲ್ಲರೂ ಅವ್ವನನ್ನು ತ್ಯಾಗಮಯಿ ಅಂದರು. ಆ ಮಾತೂ ನನಗೆ ಸಾಕಾಗಿದೆ. ತ್ಯಾಗ ಅಂದುಬಿಟ್ಟರೆ ಕೆಲಸ ಯಾರಿಗೂ ಕಾಣೋದಿಲ್ಲ. ಅವ್ವ ಕೆಲಸ ಬಲ್ಲವಳಾಗಿದ್ದಳು, ನಾಲ್ಕು ಜನರನ್ನು ಕೂಡಿಸಿ ಕೆಲಸ ಮಾಡಿಸೋದೂ ಅವಳಿಗೆ ಗೊತ್ತಿತ್ತು.

2009ರ ನೆರೆ ನೆನಪಿದೆ ಅಲ್ವಾ? ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲು. ಡೋಣಿ, ಭೀಮಾ ಎಲ್ಲ ಉಕ್ಕಿ ಹರಿದಿದ್ದವು. ಯಾರೋ ಬ್ರೆಡ್ಡು ಕಳಿಸೋಣ ಅಂದಾಗ ಅವ್ವ ಬೇಡ ಅಂದಳು. ಈ ತಂಪಿಗೆ ಬ್ರೆಡ್ಡು ಎರಡೇ ದಿನಕ್ಕೆ ಬೂಸ್ಟು ಹಿಡಿಯುತ್ತೆ, ಕಟಕ್ ರೊಟ್ಟಿಯಾದ್ರೆ ತಿಂಗಳಾದ್ರೂ ಕೆಡೋದಿಲ್ಲ, ಜೊತೆಗೆ ಶೇಂಗಾ ಹಿಂಡಿ (ಚಟ್ನಿಪುಡಿ) ಕಟ್ಟಿದ್ರೆ ಒಲೆ ಹಚ್ಚದೇ ಉಣ್ಣಬಹುದು ಅಂದಳು. ಓಣಿ ಓಣಿ ತಿರುಗಿ ಹಿಟ್ಟು ಹಂಚಿ ಬಂದಳು. ಮೂರು ದಿನ ನಮ್ಮ ಪಡಸಾಲೆಯಲ್ಲಿ ಕಾಲಿಡಲು ಜಾಗ ಇರಲಿಲ್ಲ.

ಅವಳ ಟ್ರಂಕಿನಲ್ಲಿ ಆಗಿನ ನೋಟ್‌ಬುಕ್ ಸಿಕ್ಕಿತು. ಯಾರು ಎಷ್ಟು ರೊಟ್ಟಿ ಕೊಟ್ಟರು ಅಂತ ಪೆನ್ಸಿಲ್ಲಿನಲ್ಲಿ ಬರೆದದ್ದು. "ಬಳೆಗಾರ ಅಜ್ಜಿ 20. ಟಾಂಗಾದವರ ಸೊಸಿ 50. ಮೂಲಿಮನಿ ಕಾಕು 35, ಹಿಂಡಿ 1 ಡಬ್ಬಿ." ನಮ್ಮ ಸಭೆಯವರು, ಲಿಂಗಾಯತರು, ಮುಸಲ್ಮಾನರು, ಎಲ್ಲರೂ ಆ ಪುಟದಲ್ಲಿದ್ದಾರೆ. ಅವಳ ಲೆಕ್ಕ ಮಾತ್ರ ಎಲ್ಲೂ ಇಲ್ಲ.

ಅವ್ವನ ಹೆಸರಲ್ಲಿ ಒಂದು ಗ್ರಾನೈಟ್ ಕಲ್ಲು ಹಾಕಿಸೋಣ ಅಂತ ಸಭೆಯ ಕೆಲವರು ಪ್ರೀತಿಯಿಂದ ಕೇಳಿದರು. ನಾನು ಒಪ್ಪಲಿಲ್ಲ. 2023ರ ಜನವರಿ 2ರಂದು ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿ ತೀರಿಹೋದಾಗ ಅವ್ವ ಪಕ್ಕದ ಮನೆ ಕಾಕು ಜೊತೆ ಮೊಣಕಾಲು ನೋವಿನಲ್ಲೇ ಸೈನಿಕ ಶಾಲೆಯ ಮೈದಾನಕ್ಕೆ ಹೋಗಿ ಸರತಿಯಲ್ಲಿ ನಿಂತು ಬಂದಳು. ತಮಗೆ ಗುಡಿ, ಸ್ಮಾರಕ ಯಾವುದೂ ಬೇಡ ಅಂತ ಸ್ವಾಮೀಜಿ ಮೊದಲೇ ಬರೆದಿಟ್ಟಿದ್ದರಲ್ಲ, ಆ ಮಾತು ಅವಳ ಮನಸ್ಸಿಗೆ ನಾಟಿತ್ತು. "ಹೋದ್ರ ಹಾಂಗ ಹೋಗಬೇಕ ನೋಡಪಾ" ಅಂದಿದ್ದಳು.

ಹಾಗಾಗಿ ಕಲ್ಲು ಬೇಡ. ಕಮಿಟಿಯ ಹಿರಿಯರಲ್ಲಿ ನನ್ನ ಬೇಡಿಕೆ ಬೇರೆ. ಈ ವರ್ಷದ ವರದಿಯಲ್ಲಿ ಅವ್ವ ತನ್ನ ನೋಟ್‌ಬುಕ್ಕಿನಲ್ಲಿ ಬರೆದ ಹಾಗೆ ಬರೆಯಿರಿ. ಯಾರು ಗುಡಿಸಿದರು, ಯಾರು ಮೇಜಿನ ಬಟ್ಟೆ ಒಗೆದರು, ಯಾರು ಸಂಡೇ ಸ್ಕೂಲ್ ಮಕ್ಕಳಿಗೆ ಚಹಾ ಮಾಡಿದರು, ಹೆಸರು ಹಿಡಿದು ಬರೆಯಿರಿ. ಬರೆದರೆ ಎಷ್ಟು ಕೆಲಸ ನಾಲ್ಕೇ ಹೆಂಗಸರ ಹೆಗಲ ಮೇಲಿದೆ ಅಂತ ಗಂಡಸರಾದ ನಮಗೂ ಕಾಣುತ್ತೆ.

ಈ ತಿಂಗಳ ರಸ ನಾನು ಮಾಡಿದೆ. ನಾಲ್ಕು ಸಲ ತೊಳೆದೆ, ಅವ್ವನ ಬಟ್ಟೆಯಲ್ಲೇ ಸೋಸಿದೆ. ಆರಾಧನೆಗೆ ಹೊತ್ತಾಗ್ತಿದೆ ಅಂತ ಕೊನೆಗೆ ಸ್ವಲ್ಪ ಅವಸರ ಮಾಡಿದೆ. ಆರಾಧನೆ ಮುಗಿದ ಮೇಲೆ ಅವ್ವನ ಗೆಳತಿ ಒಬ್ಬರು ನನ್ನನ್ನು ಬಾಗಿಲ ಹತ್ತಿರ ನಿಲ್ಲಿಸಿದರು. "ಒಗರ ಆಗೇತಿ. ಜಗ್ಗಿ ಹಿಂಡಿಯೇನು?"

ಹೌದ್ರೀ ಚಿಗವ್ವ ಅಂದೆ. ಮುಂದಿನ ತಿಂಗಳು ಶನಿವಾರ ಸಂಜೆ ಮನೆಗೆ ಬರ್ತೀನಿ, ನಾನು ಬರುವ ತನಕ ಮಣೂಕ ನೆನೆಹಾಕಬೇಡ ಅಂತ ಹೇಳಿ ಹೋಗಿದ್ದಾರೆ.