ಚಂದ್ರನ ಹಿಂಬದಿ ಚೀನಾ ಪಾಲಾಯ್ತಾ?

"ಚಂದ್ರನ ಹಿಂಬದಿಯಲ್ಲಿ ಚೀನಾ ಬಾವುಟ ನೆಟ್ಟಿದೆ, ಇನ್ಮುಂದೆ ಆ ಭಾಗ ಅದರದ್ದೇ" ಅಂತ ಒಂದು ಫಾರ್ವರ್ಡ್ ಓಡಾಡುತ್ತಿದೆ.

ಬಾವುಟದ ಮಾತು ನಿಜ. 2024ರ ಜೂನ್‌ನಲ್ಲಿ ಚಾಂಗ್‌ಇ-6 ನೌಕೆ ಅಲ್ಲಿ ಬಾವುಟ ಬಿಡಿಸಿತು, ಸುಮಾರು 1.9 ಕೆಜಿ ಮಣ್ಣು-ಕಲ್ಲನ್ನೂ ಭೂಮಿಗೆ ಕಳಿಸಿತು. ಹಿಂಬದಿಯಿಂದ ಹಾಗೆ ತಂದದ್ದು ಅದೇ ಮೊದಲು. ಫ್ರಾನ್ಸ್, ಇಟಲಿ, ಪಾಕಿಸ್ತಾನದ ಉಪಕರಣಗಳೂ ಅದರ ಜೊತೆ ಹೋಗಿದ್ದವು.

ಆದರೆ ಮಾಲೀಕತ್ವದ ಮಾತು ಸುಳ್ಳು. 1967ರ ಬಾಹ್ಯಾಕಾಶ ಒಪ್ಪಂದದ ಎರಡನೇ ವಿಧಿಯ ಪ್ರಕಾರ ಚಂದ್ರನ ಒಂದಿಂಚನ್ನೂ ಯಾವ ದೇಶವೂ ತನ್ನದು ಅನ್ನುವಂತಿಲ್ಲ, ಚೀನಾ 1983ರಲ್ಲೇ ಅದಕ್ಕೆ ಸೇರಿದೆ. ಬಾವುಟ ನೆಟ್ಟವರದ್ದೇ ಜಾಗ ಅನ್ನೋದಾದ್ರೆ ಅಮೆರಿಕ 1969ರಲ್ಲೇ ಖಾತೆ ಮಾಡಿಸಿಕೊಂಡಿರುತ್ತಿತ್ತು, ಅಲ್ವಾ? ಅಲ್ಲಿಯ ಮಂಜುಗಡ್ಡೆ, ಖನಿಜ ತೆಗೆಯೋದರ ಬಗ್ಗೆ ಮಾತ್ರ ಒಪ್ಪಂದ ಸ್ಪಷ್ಟವಾಗಿಲ್ಲ. ಜಗಳ ಆದರೆ ಅದಕ್ಕೇ ಆಗಬಹುದು.

ಹಾಗಂತ ಚಿಂತೆಯೇ ಬೇಡ ಅಂತಲ್ಲ. ನನ್ನ ಪ್ರಕಾರ ಚಿಂತೆ ಇರಬೇಕಾದ್ದು ಚಂದ್ರನಿಗಿಂತ ತುಂಬಾ ಹತ್ತಿರದಲ್ಲಿ. 2007ರ ಜನವರಿಯಲ್ಲಿ ಚೀನಾ ತನ್ನದೇ ಹಳೇ ಹವಾಮಾನ ಉಪಗ್ರಹ ಫೆಂಗ್‌ಯುನ್-1ಸಿಯನ್ನು ಕ್ಷಿಪಣಿಯಿಂದ ಹೊಡೆಯಿತು. ಅದು ಸುಮಾರು 860 ಕಿ.ಮೀ. ಎತ್ತರದಲ್ಲಿತ್ತು. ಅಷ್ಟು ಮೇಲೆ ಗಾಳಿಯ ತಡೆ ತೀರಾ ಕಡಿಮೆ, ಹಾಗಾಗಿ ಚೂರುಗಳು ದಶಕಗಟ್ಟಲೆ ಸುತ್ತುತ್ತಲೇ ಇರುತ್ತವೆ. ಗುರುತಿಸಲಾದವೇ 3,000ಕ್ಕೂ ಜಾಸ್ತಿ. 2021ರ ನವೆಂಬರ್‌ನಲ್ಲಿ ಅಂಥ ಒಂದು ಚೂರಿನಿಂದ ತಪ್ಪಿಸಿಕೊಳ್ಳಲು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ತನ್ನ ಕಕ್ಷೆಯನ್ನೇ ಸ್ವಲ್ಪ ಬದಲಿಸಬೇಕಾಯಿತು. (ಇಂಥ ಪರೀಕ್ಷೆ ಅಮೆರಿಕ, ರಷ್ಯಾ ಮಾಡಿವೆ, 2019ರಲ್ಲಿ ನಾವೂ ಮಾಡಿದ್ದೇವೆ, ಆದರೆ ಸುಮಾರು 300 ಕಿ.ಮೀ. ಎತ್ತರದಲ್ಲಿ.)

ಅದೇ 2021ರ ಮೇನಲ್ಲಿ ಚೀನಾದ ಲಾಂಗ್ ಮಾರ್ಚ್-5ಬಿ ರಾಕೆಟ್ಟಿನ 20 ಟನ್ನಿನಷ್ಟು ತೂಕದ ಭಾಗ ನಿಯಂತ್ರಣವೇ ಇಲ್ಲದೆ ಮಾಲ್ಡೀವ್ಸ್ ಹತ್ತಿರ ಸಮುದ್ರಕ್ಕೆ ಬಿತ್ತು.