ಬಿಸ್ಕೆಟ್ಟಿನೊಳಗೂ ಲ್ಯಾಟಿನ್ ಕೃದಂತ ಇದೆ

ಲ್ಯಾಟಿನ್ ಕೃದಂತಗಳ ಬಗ್ಗೆ, ಅಂದರೆ ಕ್ರಿಯಾಪದದಿಂದ ಹುಟ್ಟುವ 'ಬೇಯಿಸಿದ'ದಂಥ ಪದಗಳ ಬಗ್ಗೆ, ನಿಮ್ಮ ಲೇಖನದಲ್ಲಿ ಎಷ್ಟು ಚೆನ್ನಾಗಿ ಬರೆದಿದ್ದೀರಿ! 'ಅಜೆಂಡಾ' ಅಂದರೆ 'ಮಾಡಬೇಕಾದವು', 'ಡೇಟಾ' ಅಂದರೆ 'ಕೊಟ್ಟವು' ಎಂದಿರಿ. ಬಿಸ್ಕೆಟ್ಟನ್ನೂ ಸೇರಿಸಬಹುದಿತ್ತು ಅಲ್ವಾ? ಅದರ ಮೂಲ 'ಬಿಸ್ ಕೊಕ್ತುಸ್', ಎರಡು ಸಲ ಬೇಯಿಸಿದ್ದು. ಫ್ರೆಂಚ್ ದಾಟಿ ಇಂಗ್ಲಿಷಿಗೆ ಬಂತು.

ಈ 'ಕೊಕ್ತುಸ್' ನನಗೆ ಜಾಸ್ತಿ ಇಷ್ಟ. ನಾವು 'ಅಮ್ಮ ಬೇಯಿಸಿದ ಅನ್ನ' ಅನ್ನುತ್ತೇವೆ, 'ಅನ್ನ ಬೇಯಿಸಿದ ಅಮ್ಮ' ಅಂತಲೂ ಅನ್ನುತ್ತೇವೆ. 'ಬೇಯಿಸಿದ' ಎರಡೂ ಕಡೆ ಸಲೀಸಾಗಿ ಕೂರುತ್ತದೆ. ಲ್ಯಾಟಿನ್ನಿನಲ್ಲಿ ಹಾಗಾಗುವುದಿಲ್ಲ. 'ಕೊಕ್ತುಸ್' ಬೆಂದ ಪದಾರ್ಥಕ್ಕೆ ಮಾತ್ರ. ಬೇಯಿಸಿದವಳ ಬಗ್ಗೆ ಹೇಳಬೇಕಾದರೆ 'ಯಾರು ಬೇಯಿಸಿದಳೋ ಅವಳು' ಎಂದು ಸುತ್ತು ಹಾಕಬೇಕು. ಕೆಲವು ಕ್ರಿಯಾಪದಗಳಿಗಷ್ಟೇ ವಿನಾಯಿತಿ: 'ಲೊಕೂತಾ' ಎಂದರೆ 'ಮಾತಾಡಿದವಳು'. ಮುಂದಿನ ಲೇಖನದಲ್ಲಿ ಇಂಥ ಕ್ರಿಯಾಪದಗಳ ಬಗ್ಗೆ ದಯವಿಟ್ಟು ಬರೆಯಿರಿ, ಕಾಯುತ್ತಿರುತ್ತೇನೆ.