ಪೌಷ್ಟಿಕ ಆಹಾರದ ಪಾಠಕ್ಕೆ ಹಾಕಿದ ದುಡ್ಡು ಯಾಕೆ ದಕ್ಕುತ್ತಿಲ್ಲ?

2025ರಲ್ಲಿ ಸಿಬಿಎಸ್‌ಇ ತನ್ನ ಶಾಲೆಗಳಿಗೆಲ್ಲ 'ಶುಗರ್ ಬೋರ್ಡ್' ಹಾಕಲು ಹೇಳಿತು. ಯಾವ ಕೂಲ್‌ಡ್ರಿಂಕ್ಸ್‌ನಲ್ಲಿ, ಯಾವ ತಿಂಡಿಯಲ್ಲಿ ಎಷ್ಟು ಸಕ್ಕರೆ ಇದೆ ಅಂತ ಮಕ್ಕಳಿಗೆ ತೋರಿಸುವ ಫಲಕ ಅದು. ಸುತ್ತೋಲೆಯಲ್ಲಿದ್ದ ಲೆಕ್ಕ ನೋಡಿ ಗಾಬರಿಯಾಯಿತು. ದಿನದ ಕ್ಯಾಲೊರಿಯಲ್ಲಿ ಸಕ್ಕರೆಯ ಪಾಲು ಶೇ. 5 ಮೀರಬಾರದು. ಆದರೆ 4ರಿಂದ 10 ವರ್ಷದ ಮಕ್ಕಳು ತಿನ್ನುತ್ತಿರುವುದು ಶೇ. 13, 11ರಿಂದ 18ರವರು ಶೇ. 15.

ಬೋರ್ಡ್ ಬೇಕು. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು, ಪಾಠ ದಂಡ ಅಂತ ಎಂದೂ ಹೇಳಲಾರೆ. ಆದರೆ ನನ್ನ ಮಕ್ಕಳಿಗೆ ವಿಷಯ ಗೊತ್ತಿಲ್ಲ ಅಂತಲ್ಲ. ಸಮತೋಲನ ಆಹಾರ ಅಂದರೇನು ಅಂತ ಕೇಳಿದರೆ ಪಟಪಟ ಹೇಳುತ್ತಾರೆ. ಬೆಲ್ ಹೊಡೆದ ಮೇಲೆ ಅದೇ ಮಕ್ಕಳು ಗೇಟಿನ ಎದುರಿನ ಅಂಗಡಿಗೆ ಓಡುತ್ತಾರೆ. ಅಲ್ಲಿ ಐದು ರೂಪಾಯಿಗೆ ಚಿಪ್ಸ್ ಸಿಗುತ್ತದೆ. ಬಾಳೆಹಣ್ಣು ಇರುವುದಿಲ್ಲ. ಅಂಗಡಿಯವರನ್ನು ಬೈದು ಪ್ರಯೋಜನವಿಲ್ಲ, ಅವರದ್ದೂ ಹೊಟ್ಟೆಪಾಡು.

ಇದಕ್ಕೊಂದು ನಿಯಮ ಆಗಲೇ ಇದೆ. ಶಾಲೆಯ ಆವರಣದಲ್ಲಿ, ಗೇಟಿನಿಂದ 50 ಮೀಟರ್ ಒಳಗೆ ಕೊಬ್ಬು, ಉಪ್ಪು, ಸಕ್ಕರೆ ಜಾಸ್ತಿ ಇರುವ ತಿನಿಸು ಮಾರಬಾರದು ಅಂತ ಆಹಾರ ಸುರಕ್ಷತಾ ಪ್ರಾಧಿಕಾರ, ಅಂದರೆ ಎಫ್‌ಎಸ್‌ಎಸ್‌ಎಐ, 2020ರಲ್ಲೇ ಹೊರಡಿಸಿದೆ. ತಂಬಾಕಿನ 100 ಗಜದ ನಿಯಮವನ್ನು ಎಷ್ಟೋ ಶಾಲೆಗಳ ಕಾಂಪೌಂಡ್ ಮೇಲೆ ಬರೆದಿರುತ್ತಾರೆ. ಈ 50 ಮೀಟರ್ ಬಗ್ಗೆ ಬರೆದದ್ದನ್ನು ನಾನು ಎಲ್ಲೂ ನೋಡಿಲ್ಲ. ಪೋಷಣ್ ಮಾಸ ಎಂಬ ಸರ್ಕಾರದ ಪೌಷ್ಟಿಕ ಆಹಾರ ಅಭಿಯಾನದ ಜಾಥಾಕ್ಕೆ, ಬ್ಯಾನರಿಗೆ ಹಣ ಇದೆ. ಈ ನಿಯಮ ನೋಡಿಕೊಳ್ಳುವ ಇನ್‌ಸ್ಪೆಕ್ಟರ್ ನಮ್ಮ ಗೇಟಿನ ಹತ್ತಿರ ಬಂದದ್ದನ್ನು ನಾನು ಕಂಡಿಲ್ಲ.

ಇನ್ನು ಬೆಲೆ. 2025ರ ಸೆಪ್ಟೆಂಬರ್ 22ರಿಂದ ಬಿಸ್ಕತ್ತು, ಚಾಕೊಲೇಟ್, ಐಸ್‌ಕ್ರೀಂ ಮೇಲಿನ ಜಿಎಸ್‌ಟಿ ಶೇ. 18ರಿಂದ 5ಕ್ಕೆ ಇಳಿಯಿತು. ಸೋಡಾ ತುಂಬಿದ ಕೂಲ್‌ಡ್ರಿಂಕ್ಸ್‌ಗೆ ಶೇ. 40 ಇಟ್ಟಿದ್ದು ಸರಿ. ಆದರೆ ಸಕ್ಕರೆ ಕಮ್ಮಿ ತಿನ್ನಿ ಅಂತ ಬೋರ್ಡ್ ಹಾಕಿಸಿದ ವರ್ಷವೇ ಸಕ್ಕರೆ ತುಂಬಿದ ತಿನಿಸು ಅಗ್ಗ ಮಾಡಿದರೆ ಮಗು ಯಾರ ಮಾತು ಕೇಳಬೇಕು?

ಪಾಠದಿಂದ ಬೊಜ್ಜು ಇಳಿಯಲಿಲ್ಲ, ಹಾಗಾಗಿ ಹಣ ನಿಲ್ಲಿಸಿ ಅನ್ನುವವರೂ ಇದ್ದಾರೆ. ಅಮೆರಿಕ ಹಾಗೇ ಮಾಡಿತು. ಬಡವರ ಆಹಾರ ನೆರವಿನ ಜೊತೆ ಬಂದಿದ್ದ 'ಸ್ನ್ಯಾಪ್-ಎಡ್' ಎಂಬ ಪೌಷ್ಟಿಕ ಶಿಕ್ಷಣಕ್ಕೆ 2025ರ ಕಾನೂನು ಹಣ ನಿಲ್ಲಿಸಿತು. ಅಲ್ಲಿ ಬೊಜ್ಜಿರುವ ವಯಸ್ಕರು 1999–2000ರಲ್ಲಿ ಶೇ. 30.5 ಇದ್ದರು, 2017–18ಕ್ಕೆ ಶೇ. 42.4 ಆದರು, ನಿಜ. ಆದರೆ ಬೀದಿ ತುಂಬ ಸಿಹಿ, ಕರಿದದ್ದು ಅಗ್ಗವಾಗಿ ಸಿಗುವಾಗ ಆ ತಪ್ಪನ್ನು ಪಾಠ ಹೇಳುವವರ ತಲೆಗೆ ಕಟ್ಟುವುದು ಅನ್ಯಾಯ.

ನನಗೆ ಭರವಸೆ ಕೊಟ್ಟಿದ್ದು ಚಿಲಿ ದೇಶ. 2016ರಲ್ಲಿ ಅವರು ಸಕ್ಕರೆ, ಉಪ್ಪು, ಕೊಬ್ಬು ಜಾಸ್ತಿ ಇರುವ ಪ್ಯಾಕೆಟ್ ಮೇಲೆ ಎಂಟು ಮೂಲೆಯ ಕಪ್ಪು ಗುರುತು ಕಡ್ಡಾಯ ಮಾಡಿದರು. ಅಂಥವನ್ನು ಶಾಲೆಯಲ್ಲಿ ಮಾರುವಂತಿಲ್ಲ, ಮಕ್ಕಳಿಗೆ ಜಾಹೀರಾತು ತೋರಿಸುವಂತಿಲ್ಲ. ಒಂದೂವರೆ ವರ್ಷದಲ್ಲಿ ಸಿಹಿ ಪಾನೀಯ ಕೊಳ್ಳುವುದು ಹತ್ತಿರ ಹತ್ತಿರ ಕಾಲುಭಾಗ ಕಮ್ಮಿಯಾಯಿತು. ಬೊಜ್ಜೇ ಕರಗಿತು ಅಂತ ನಾನು ಹೇಳುತ್ತಿಲ್ಲ, ಅದಕ್ಕೆ ಕಾಲ ಬೇಕು. ಕೊಳ್ಳುವ ಕೈ ಬದಲಾಯಿತು, ಅದೇ ದೊಡ್ಡದು. ನಮ್ಮಲ್ಲಿ ಪ್ಯಾಕೆಟ್ ಮೇಲಿನ ಗುರುತಿಗಾಗಿ 2022ರಲ್ಲಿ ಎಫ್‌ಎಸ್‌ಎಸ್‌ಎಐ ತಂದ ಕರಡು ನಿಯಮ ನೋಡಿದರೆ ಎಚ್ಚರಿಕೆ ಗುರುತಿನ ಬದಲು ಸ್ಟಾರ್ ಕೊಡುವ ಯೋಚನೆ! ಚಿಪ್ಸ್ ಪ್ಯಾಕೆಟ್ ಮೇಲೆ ಒಂದೇ ಸ್ಟಾರ್ ಇದ್ದರೂ ಮಗುವಿಗೆ ಅದು ಶಹಬ್ಬಾಸ್ ಅಂದಂತೆ ಕಾಣುತ್ತದೆ ಅಲ್ವಾ?

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಶೇ. 24 ಹೆಂಗಸರಿಗೆ ತೂಕ ಜಾಸ್ತಿ ಇತ್ತು. ಅದಕ್ಕೆ ಐದು ವರ್ಷ ಮೊದಲು ಶೇ. 20.6. ಮುಂದಿನ ಲೆಕ್ಕದಲ್ಲಿ ನನ್ನ ಕ್ಲಾಸಿನ ಹುಡುಗಿಯರೂ ಇರುತ್ತಾರೆ.

ನಮ್ಮ ಸರ್ಕಾರಿ ಶಾಲೆಗಳಲ್ಲಿ ಬಿಸಿಯೂಟದ ಜೊತೆ ಮೊಟ್ಟೆ, ಇಲ್ಲವೇ ಬಾಳೆಹಣ್ಣು ಕೊಡುತ್ತಾರೆ. ತಟ್ಟೆಯಲ್ಲೇ ಸಿಗುವ ಪಾಠ ಅದು. ಅದಕ್ಕೆ ಹಣ ಹಾಕಿ, ಬೋರ್ಡಿಗೂ ಹಾಕಿ, 50 ಮೀಟರ್ ಕಾಯುವವರಿಗೂ ಹಾಕಿ. ನಿಮ್ಮ ಮಗುವಿನ ಶಾಲೆಯ ಮುಂದಿನ ಎಸ್‌ಡಿಎಂಸಿ (ಶಾಲಾ ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ, ಖಾಸಗಿ ಶಾಲೆಯಾದರೆ ಪೋಷಕರ ಸಭೆಯಲ್ಲಿ, ಈ ನಿಯಮದ ಬಗ್ಗೆ ಒಂದು ಮಾತು ಕೇಳಿ. ಏನು ಉತ್ತರ ಬಂತು ಅಂತ ಇಲ್ಲಿ ಬರೆಯಿರಿ.